ಮೇಯರ್‌ನ ನಾವೇ ಆರಿಸಿದರೆ ನಮ್ಮ ಗಲ್ಲಿ ಗುಂಡಿ ಮುಚ್ಚುತ್ತಾ?

ಬೋರ್ಡ್ ಅಂಗಡಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ದುರ್ಗದ ಬೈಲ್ ಹತ್ತಿರ ಒಂದು ಗಲ್ಲಿಯಲ್ಲಿ ನನ್ನದು ನೇಮ್ ಪ್ಲೇಟ್ ಅಂಗಡಿ. ಹಿತ್ತಾಳೆ, ಅಕ್ರಿಲಿಕ್, ಸ್ಟಿಕ್ಕರ್ ಕಟಿಂಗ್, ಸನ್ಮಾನದ ಫಲಕ, ಎಲ್ಲ ಮಾಡುತ್ತೇನೆ. ರಾಜಕೀಯ ಜಾಸ್ತಿ ತಿಳಿಯಲ್ಲ. ಆದರೆ ನಮ್ಮ ಪಾಲಿಕೆಯ ಪದ್ಧತಿ ನನ್ನಂಥವರ ವ್ಯಾಪಾರಕ್ಕೆ ಬಹಳ ಒಳ್ಳೆಯದು ಅಂತ ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಮೇಯರ್, ಉಪಮೇಯರ್, ಸ್ಥಾಯಿ ಸಮಿತಿ ಅಧ್ಯಕ್ಷರು, ಎಲ್ಲರದ್ದೂ ಒಂದೊಂದು ವರ್ಷದ ಲೆಕ್ಕ.

ಇಂಥ ಬೋರ್ಡ್ ಬಂದರೆ ನಾನೊಂದು ಉಪಾಯ ಮಾಡುತ್ತೇನೆ. ಹುದ್ದೆಯ ಹೆಸರನ್ನು ಸರಿಯಾಗಿ ನಡುವೆ ಇಡಲ್ಲ. ಬೆರಳಗಲ ಬಲಕ್ಕೆ ಸರಿಸಿ ಎಡಕ್ಕೆ ಎರಡು ಅಕ್ಷರದ ಜಾಗ ಬಿಡುತ್ತೇನೆ. ನೋಡುವವರಿಗೆ ಗೊತ್ತಾಗಲ್ಲ. ಮುಂದಿನ ವರ್ಷ ಅದೇ ಬೋರ್ಡ್ ವಾಪಸ್ ಬರುತ್ತೆ. ಆ ಜಾಗದಲ್ಲಿ 'ಮಾಜಿ' ಅಂತ ಕೊರೆದು ಕೊಡುತ್ತೇನೆ. 2019ರ ಮಾರ್ಚ್‌ನಿಂದ 2022ರ ಮೇ ತನಕ ಆ ವ್ಯಾಪಾರವೂ ಇರಲಿಲ್ಲ. ಮೂರು ವರ್ಷ ಊರಿಗೆ ಮೇಯರೇ ಇರಲಿಲ್ಲ, ಆಡಳಿತಾಧಿಕಾರಿ ನಡೆಸಿದರು. 2021ರ ಸೆಪ್ಟೆಂಬರ್‌ನಲ್ಲಿ 82 ವಾರ್ಡಿಗೆ ಚುನಾವಣೆ ಆಗಿ ಮಂದಿ ಆರಿಸಿ ಬಂದ ಮೇಲೂ ಮೇಯರ್ ಖುರ್ಚಿ ಎಂಟು ತಿಂಗಳು ಖಾಲಿ.

ಈಗ ನನ್ನ ಗೋಳು. ಮಳೆಗಾಲಕ್ಕೆ ಮುಂಚೆ ಅಂಗಡಿ ಎದುರು ಪೈಪ್ ಹಾಕಲು ಅಗೆದರು. ಪೈಪ್ ಹಾಕಿದರು, ಮಣ್ಣು ಎಳೆದರು, ಹೋದರು. ಎರಡು ಮಳೆಗೆ ಮಣ್ಣು ಕುಸಿದು ಮೊಣಕಾಲುದ್ದ ಗುಂಡಿ ಆಯಿತು. ಒಬ್ಬ ಗಿರಾಕಿ ಮೂರು ಅಡಿಯ ಅಕ್ರಿಲಿಕ್ ಬೋರ್ಡ್ ಹಿಡಿದು ಇಳಿಯುವಾಗ ಕಾಲು ಜಾರಿತು. ಪುಣ್ಯಕ್ಕೆ ಅವರಿಗೇನೂ ಆಗಲಿಲ್ಲ. ಬೋರ್ಡ್ ಅಡ್ಡಕ್ಕೆ ಸೀಳಿತು. ನನ್ನ 2,400 ರೂಪಾಯಿ ಹೋಯಿತು.

ಕಚೇರಿಗಳ ಹೆಸರು ಬರೆಯಲ್ಲ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕು. ಮೊದಲನೇ ಕಡೆ, "ಪೈಪ್ ನಮ್ಮದಲ್ಲರೀ". ಎರಡನೇ ಕಡೆ, "ಪೈಪ್ ನಮ್ಮದು ಖರೆ, ಅಗೆದವರು ಗುತ್ತಿಗೆದಾರರು". ಮೂರನೇ ಕಡೆ, "ಆ ರಸ್ತೆ ಬೇರೆ ಯೋಜನೆಯೊಳಗೆ ಬರ್ತದ, ಈಗ ಮುಟ್ಟಂಗಿಲ್ಲ". ವಾರ್ಡಿನ ಸದಸ್ಯರಂತೂ ನನಗಿಂತ ಜಾಸ್ತಿ ಬೇಜಾರಾಗಿದ್ದರು. ಅವರಿಗೆ ನಾನೇ ಚಾ ಕುಡಿಸಿ ಸಮಾಧಾನ ಮಾಡಿ ಕಳಿಸಿದೆ.

ನಮ್ಮಲ್ಲಿ ಮೇಯರ್‌ನ ಆರಿಸೋದು ಪಾಲಿಕೆ ಸಭೆಯಲ್ಲಿ, ನಾವಲ್ಲ. ಬೇರೆ ಕೆಲವು ರಾಜ್ಯಗಳಲ್ಲಿ ಜನರೇ ನೇರವಾಗಿ ಮೇಯರ್‌ನ ಆರಿಸುತ್ತಾರಂತೆ. ಇಲ್ಲೂ ಹಾಗೆ ಮಾಡಿದರೆ ನನಗೆ ಬೈಯೋಕೆ ಒಬ್ಬರು ಸಿಗುತ್ತಾರಾ? ಅಥವಾ ಬರೀ ಬ್ಯಾನರ್ ದೊಡ್ಡದಾಗುತ್ತಾ? ತಿಳಿದವರು ಹೇಳಿ.

ಬೆಟಗೇರಿ ನಿವೃತ್ತ

ಬೋರ್ಡಿನವರೇ, ಆ ಎರಡಕ್ಷರದ ಜಾಗ ಓದಿ ಬಹಳ ನಕ್ಕೆ. ನಾನು ಪುರಸಭೆ, ನಗರಸಭೆ ಅಂತ 31 ವರ್ಷ ಕಡತ ಹೊತ್ತವನು. ನೀವು ಕೇಳಿದ್ದು ಒಂದು ಪ್ರಶ್ನೆ, ಅದರಲ್ಲಿ ಎರಡಿವೆ. ಯಾರು ಆರಿಸಬೇಕು ಅನ್ನೋದು ಬೇರೆ. ಆರಿಸಿದವರ ಕೈಯಲ್ಲಿ ಏನಿದೆ ಅನ್ನೋದು ಬೇರೆ.

ಎರಡನೆಯದರಿಂದ ಶುರು ಮಾಡೋಣ. ನಮ್ಮ ಪಾಲಿಕೆಗಳು ನಡೆಯೋದು 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ ಮೇಲೆ. ಅದರಲ್ಲಿ ಮೇಯರ್ ಅಂದರೆ ಸಭೆ ನಡೆಸುವವರು. ಕೆಲಸ ಮಾಡಿಸುವ ಅಧಿಕಾರ ಆಯುಕ್ತರದ್ದು, ಅವರನ್ನು ಕಳಿಸೋದು ಸರ್ಕಾರ. ಒಂದು ಕಡತ ಹಿಡಿದು ನೋಡಿ. ಸಭೆಯಲ್ಲಿ ಠರಾವು, ಅಂದರೆ ನಿರ್ಣಯ, ಪಾಸಾಗುತ್ತೆ. ನಡಾವಳಿ ಪುಸ್ತಕದಲ್ಲಿ ಅಧ್ಯಕ್ಷತೆ ವಹಿಸಿದವರ ಸಹಿ, ಅದರ ಮೇಲೆ ಗೋಲು ಸೀಲು. ಅಲ್ಲಿಂದ ಮುಂದೆ ಅಂದಾಜು ಪಟ್ಟಿ, ಟೆಂಡರ್, ಕೆಲಸದ ಆದೇಶ, ಅಳತೆ ಪುಸ್ತಕ, ಬಿಲ್ಲು, ಎಲ್ಲವೂ ಅಧಿಕಾರಿಗಳ ಮೇಜಿನಿಂದ ಮೇಜಿಗೆ. ಠರಾವಿನ ಕೆಳಗೆ ಮೇಯರ್ ಸಹಿ ಇರುತ್ತೆ. ಚೆಕ್ಕಿನ ಕೆಳಗೆ ಇರಲ್ಲ. ಗುತ್ತಿಗೆದಾರ ಯಾರ ಮಾತು ಕೇಳುತ್ತಾನೆ ಅಂತ ನೀವೇ ಹೇಳಿ.

ಅದೂ ಪಾಲಿಕೆಯೊಳಗಿನ ಮಾತಾಯಿತು. ನಿಮ್ಮೂರಲ್ಲಿ ಹೊಸ ಲೇಔಟ್ ನೋಡೋದು ನಗರಾಭಿವೃದ್ಧಿ ಪ್ರಾಧಿಕಾರ, ಅದಕ್ಕೆ ಅಧ್ಯಕ್ಷರನ್ನು ಸರ್ಕಾರ ನೇಮಿಸುತ್ತೆ. ಸ್ಮಾರ್ಟ್ ಸಿಟಿಗೆ ಬೇರೆ ಕಂಪನಿ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿಗೆ ಇನ್ನೊಂದು ಕಂಪನಿ. ಕರೆಂಟು ಹೆಸ್ಕಾಂ. ನಗರಾಡಳಿತಕ್ಕೆ ಅಂತ ಮಾಡಿದ ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ಕ್ಕೆ ಜಾರಿಗೆ ಬಂತು. 12ನೇ ಅನುಸೂಚಿಯಲ್ಲಿ ನೀರು, ರಸ್ತೆ, ನಗರ ಯೋಜನೆ ಅಂತ 18 ವಿಷಯ ಪಟ್ಟಿ ಮಾಡಿದರು. ಆದರೆ ರಾಜ್ಯಗಳು ಅವನ್ನು ವಹಿಸಿ'ಕೊಡಬಹುದು' ಅಂತ ಬರೆದರು. ಕಾಯ್ದೆ ಓದುವವರಿಗೆ ಆ 'ಬಹುದು' ಅಂದರೆ ಕೊಡದೆಯೂ ಇರಬಹುದು ಅಂತ ಗೊತ್ತು. ಮೇಯರ್‌ನ ಹೇಗೆ ಆರಿಸಬೇಕು ಅನ್ನೋದನ್ನೂ ರಾಜ್ಯದ ಕಾನೂನಿಗೇ ಬಿಟ್ಟರು. ಹಾಗಾಗಿ ನೇರ ಚುನಾವಣೆಗೆ ಸಂವಿಧಾನ ಅಡ್ಡ ಬರಲ್ಲ. ವಿಧಾನಸಭೆ ಮನಸ್ಸು ಮಾಡಿದರೆ ಮುಗಿಯಿತು.

ಇನ್ನು ಒಂದು ವರ್ಷದ ಮಾತು. ಬಜೆಟ್ ಪುಸ್ತಕ ಓದೋಕೆ ಕಲಿಯಲಿಕ್ಕೇ ಆರು ತಿಂಗಳು ಬೇಕು. ನಾನೇ ಎಷ್ಟೋ ಜನಕ್ಕೆ ಕೂರಿಸಿ ತೋರಿಸಿದ್ದೇನೆ. ನಗರಸಭೆಗಳಲ್ಲಿ ಅಧ್ಯಕ್ಷರಿಗೆ 30 ತಿಂಗಳಾದರೂ ಇದೆ. ಅದರಲ್ಲೂ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋದರೆ ಮುಗೀತು. 2018ರಲ್ಲಿ ಗೆದ್ದ ಎಷ್ಟೋ ಊರಿನ ಸದಸ್ಯರು ಅಧ್ಯಕ್ಷರನ್ನು ನೋಡಿದ್ದು 2020ರ ಕೊನೆಗೆ.

ಮಾಳಮಡ್ಡಿ ಟು ಇಂದೋರ್

ನಾನು ಧಾರವಾಡದವನು, ಕೆಲಸಕ್ಕೆ ಇಂದೋರ್‌ನಲ್ಲಿದ್ದೇನೆ. ಇಲ್ಲಿ ಮೇಯರ್‌ನ ಜನರೇ ಆರಿಸುತ್ತಾರೆ. 2022ರ ಜುಲೈನಲ್ಲಿ ನಾನೂ ಎರಡು ವೋಟು ಹಾಕಿದೆ. ಒಂದು ವಾರ್ಡಿನ ಪಾರ್ಷದ್‌ಗೆ, ಅಂದರೆ ಸದಸ್ಯರಿಗೆ, ಇನ್ನೊಂದು ಮೇಯರ್‌ಗೆ. ಅವಧಿ ಐದು ವರ್ಷ. ಗೆದ್ದ ಪಾರ್ಷದರಲ್ಲೇ ಕೆಲವರನ್ನು ಮೇಯರ್ ಆರಿಸಿ ಒಂದು ಪುಟ್ಟ ಮಂತ್ರಿಮಂಡಲ ಮಾಡಿಕೊಳ್ಳುತ್ತಾರೆ, ಮೇಯರ್ ಇನ್ ಕೌನ್ಸಿಲ್ ಅಂತಾರೆ. ಒಬ್ಬರಿಗೆ ನೀರು, ಒಬ್ಬರಿಗೆ ಕಸ, ಒಬ್ಬರಿಗೆ ರಸ್ತೆ. ಚಾ ಅಂಗಡಿಯಲ್ಲಿ ಬೈಯೋದಕ್ಕೆ ಹೆಸರು ಸಿಗುತ್ತೆ, ಅದು ನಿಜ.

ಆದರೆ ನಮ್ಮೂರಿನವರು 'ಇಂದೋರ್ ಕ್ಲೀನ್ ಇದೆ, ಅದಕ್ಕೆ ಮೇಯರ್ ಕಾರಣ' ಅಂತ ವಾಟ್ಸಾಪ್ ಮಾಡಿದಾಗ ನಾನು ಒಪ್ಪಲ್ಲ. ಊರುಗಳ ಸ್ವಚ್ಛತೆಗೆ ಕೇಂದ್ರ ಸರ್ಕಾರ ರ‍್ಯಾಂಕ್ ಕೊಡುವ ಸ್ವಚ್ಛ ಸರ್ವೇಕ್ಷಣದಲ್ಲಿ 2017ರಲ್ಲಿ ಮೊದಲ ಸ್ಥಾನ ಬಂದಾಗ ಇಲ್ಲಿ ಮೇಯರ್ ಇದ್ದರು, ಗಟ್ಟಿ ಆಯುಕ್ತರೂ ಇದ್ದರು. 2021ರಲ್ಲಿ ಮತ್ತೆ ಮೊದಲ ಸ್ಥಾನ ಬಂದಾಗ ಮೇಯರ್ ಖುರ್ಚಿ ಖಾಲಿ. ಹಳೇ ಅವಧಿ 2020ರ ಶುರುವಿಗೇ ಮುಗಿದಿತ್ತು, ಚುನಾವಣೆ ಮುಂದೆ ಮುಂದೆ ಹೋಗಿತ್ತು. ಇದನ್ನು ಯಾರೂ ಫಾರ್ವರ್ಡ್ ಮಾಡಲ್ಲ.

ಇನ್ನೊಂದು. ಸರ್ಕಾರ ಬದಲಾದರೆ ನಿಯಮವೂ ಬದಲು. ಇಲ್ಲೇ 2019ರಲ್ಲಿ ನೇರ ಚುನಾವಣೆ ತೆಗೆದಿದ್ದರು, ಆಮೇಲಿನ ಸರ್ಕಾರ ವಾಪಸ್ ತಂತು. ತಮಿಳುನಾಡು ಇನ್ನೂ ಮಜಾ. 1996ರಲ್ಲಿ ಸ್ಟಾಲಿನ್ ಚೆನ್ನೈಗೆ ಜನರ ವೋಟಿನಿಂದಲೇ ಮೇಯರ್ ಆದರು. 2006ಕ್ಕೆ ಆ ಪದ್ಧತಿ ಹೋಯಿತು, 2011ಕ್ಕೆ ಬಂತು, 2016ಕ್ಕೆ ಮತ್ತೆ ಹೋಯಿತು. ಉತ್ತರ ಪ್ರದೇಶದಲ್ಲಂತೂ ಮೇಯರ್‌ನ ಜನರೇ ಆರಿಸುತ್ತಾರೆ, ಆದರೆ ಕೆಲಸದ ಅಧಿಕಾರ ನಗರ ಆಯುಕ್ತರ ಹತ್ತಿರವೇ. ಬೋರ್ಡಿನ ಅಣ್ಣನ ಭಾಷೆಯಲ್ಲಿ ಹೇಳೋದಾದರೆ ಅಲ್ಲಿ ಫಲಕ ಹಿತ್ತಾಳೆಯದ್ದು, ಅಷ್ಟೇ.

ಏಲಕ್ಕಿ ಹಾರ

ಹಾವೇರಿಯಿಂದ. ನಿಮ್ಮ ಮಾತೆಲ್ಲ ಸರಿ, ಆದರೆ ಹೆಣ್ಣುಮಕ್ಕಳ ವಿಷಯ ಯಾರೂ ಎತ್ತಲಿಲ್ಲ ಅಲ್ವಾ?

ನನ್ನ ಅಕ್ಕ ಒಂದು ಸಣ್ಣ ಊರಿನ ಪುರಸಭೆಗೆ ಮೀಸಲಾತಿಯಲ್ಲಿ ಅಧ್ಯಕ್ಷೆ ಆಗಿದ್ದಳು. ಮೊದಲ ವರ್ಷ ಭಾವ ಪಕ್ಕದಲ್ಲಿ ಒಂದು ಖುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಮುಖ್ಯಾಧಿಕಾರಿ ಮಾತಾಡುತ್ತಿದ್ದದ್ದೂ ಅವರ ಜೊತೆಗೇ. ಅಕ್ಕ ಸುಮ್ನೆ ಕಡತ ಮನೆಗೆ ತಂದು ರಾತ್ರಿ ಓದುತ್ತಿದ್ದಳು. ಎರಡನೇ ವರ್ಷ ಒಂದು ದಿನ ಬೋರ್‌ವೆಲ್ ಬಿಲ್ಲಿನಲ್ಲಿ ಒಂದೇ ಮೋಟಾರು ಎರಡು ಸಲ ಬಂದದ್ದು ಹಿಡಿದಳು. ಆವತ್ತು ಎಲ್ಲರ ಎದುರು ಭಾವನಿಗೆ "ನೀವು ಹೊರಗೆ ಚಾ ಕುಡೀರಿ, ನಾನು ಬರ್ತೀನಿ" ಅಂದಳು. ಆ ಖುರ್ಚಿ ಆಮೇಲೆ ಗೋಡೆ ಕಡೆ ಹೋಯಿತು. 30 ತಿಂಗಳು ಇದ್ದದ್ದಕ್ಕೆ ಇದು ಆಯಿತು. ಪಾಲಿಕೆಯ ಹಾಗೆ ಒಂದೇ ವರ್ಷ ಆಗಿದ್ದರೆ ಭಾವನ ಖುರ್ಚಿ ಅಲ್ಲೇ ಇರುತ್ತಿತ್ತು.

ಅದಕ್ಕೇ ಅವಧಿ ಹೆಚ್ಚಬೇಕು ಅನ್ನೋದಕ್ಕೆ ನನ್ನ ಒಪ್ಪಿಗೆ ಇದೆ. ನೇರ ಚುನಾವಣೆಗೆ ಅರ್ಧ ಒಪ್ಪಿಗೆ. ಹುಬ್ಬಳ್ಳಿ-ಧಾರವಾಡದಲ್ಲಿ 2011ರ ಜನಗಣತಿಗೇ 9.43 ಲಕ್ಷ ಜನ. ಮೂರು ವಿಧಾನಸಭಾ ಕ್ಷೇತ್ರ ಪೂರ್ತಿ ಸುತ್ತಬೇಕು. ನನ್ನ ಅಕ್ಕನಂಥವಳ ಹತ್ತಿರ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಅವಧಿ ಐದು ವರ್ಷ ಆದರೆ ಮೀಸಲಾತಿ ಸರದಿಯೂ ವರ್ಷಕ್ಕೊಮ್ಮೆಯ ಬದಲು ಐದು ವರ್ಷಕ್ಕೊಮ್ಮೆ ತಿರುಗುತ್ತೆ.

ಮತ್ತೆ ನಮ್ಮ ಶಾಸಕರು ಇದನ್ನು ಯಾಕೆ ಒಪ್ಪುತ್ತಾರೆ? ಒಬ್ಬ ಶಾಸಕರಿಗೆ ಒಂದು ಕ್ಷೇತ್ರದ ವೋಟು. ಇಡೀ ಊರಿನ ಮೇಯರ್‌ಗೆ ಮೂರೂ ಕ್ಷೇತ್ರದ ವೋಟು. ಈಗ ಮೇಯರ್ ಚುನಾವಣೆಯಲ್ಲಿ ಶಾಸಕರು, ಸಂಸದರೂ ಬಂದು ಕೈ ಎತ್ತುತ್ತಾರೆ. ಆ ಕೈ ಅವರು ತಾವಾಗಿ ಇಳಿಸಬೇಕಲ್ಲ.

ಸಪ್ತಾಪುರ ಪುಟ್ಟಿ

ಎರಡು ವರ್ಷ ಓದೋಕೆ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿದ್ದೆ, ಅದಕ್ಕೇ ಬಸ್ಸಿನ ಮಾತು ಮಾತ್ರ ಹೇಳ್ತೀನಿ. ಅಲ್ಲಿ ಹತ್ತು ಪಟ್ಟಣಾಡಳಿತ ಸೇರಿಸಿ 2017ರಲ್ಲಿ ಜನರೇ ಒಬ್ಬ ಮೇಯರ್‌ನ ಆರಿಸಿದರು, ಆಂಡಿ ಬರ್ನಮ್ ಅಂತ. ಅಲ್ಲಿಯ ಬಸ್ಸುಗಳು ಹಿಂದೆ ಖಾಸಗಿಯವರ ಮರ್ಜಿ. ಮಾರ್ಗ ಅವರದ್ದು, ದರ ಅವರದ್ದು. ಮೇಯರ್‌ಗೆ ಕಾನೂನಿನಲ್ಲಿ ಅಧಿಕಾರ ಸಿಕ್ಕ ಮೇಲೆ 2023ರ ಸೆಪ್ಟೆಂಬರ್‌ನಿಂದ 2025ರ ಜನವರಿ ತನಕ ಹಂತ ಹಂತವಾಗಿ ಎಲ್ಲಾ ಬಸ್ಸನ್ನೂ ಊರಿನ ಹತೋಟಿಗೆ ತಂದರು. ಹಳದಿ ಬಸ್ಸು, ಜೇನುಹುಳದ ಚಿತ್ರ. ಬಸ್ಸು ಲೇಟಾದರೆ ಸ್ಟಾಪಿನಲ್ಲಿ ಅಜ್ಜಿಯರು ಮೇಯರ್ ಹೆಸರು ಹಿಡಿದೇ ಬೈತಿದ್ದರು, ಕಂಪನಿ ಹೆಸರಲ್ಲ. ನನಗೆ ಅದು ಬಹಳ ಹೊಸದು ಅನ್ನಿಸಿತ್ತು. ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಬಸ್ಸಿಗೆ ಕಾಯುವಾಗ ನನಗೆ ಯಾವತ್ತೂ ಮೇಯರ್ ನೆನಪೇ ಆಗಿಲ್ಲ.

ಹಾಗಂತ ಎಲ್ಲಾ ಕಡೆ ಚೆಂದ ಅಂತಲ್ಲ. ಬ್ರಿಸ್ಟಲ್ ಊರಿನವರು 2022ರಲ್ಲಿ ವೋಟು ಹಾಕಿ ನೇರ ಮೇಯರ್ ಹುದ್ದೆಯನ್ನೇ ಬೇಡ ಅಂದರು. ಹಾರ್ಟಲ್‌ಪೂಲ್ ಅಂತ ಒಂದು ಊರು, ಅಲ್ಲಿ 2002ರಲ್ಲಿ ಫುಟ್‌ಬಾಲ್ ತಂಡದ ಕೋತಿ ವೇಷದವನು ಚುನಾವಣೆಗೆ ನಿಂತು, ಶಾಲೆ ಮಕ್ಕಳಿಗೆ ಪುಕ್ಕಟೆ ಬಾಳೆಹಣ್ಣು ಕೊಡ್ತೀನಿ ಅಂತ ಹೇಳಿ ಗೆದ್ದ. ತಮಾಷೆಗೆ ಗೆದ್ದವನು ಮೂರು ಸಲ ಮೇಯರ್ ಆದ. ಕೆಲಸ ಕಲಿತ ಅಂತ ಕಾಣುತ್ತೆ.

ಬೋರ್ಡ್ ಅಂಗಡಿ, ಹುಬ್ಬಳ್ಳಿ

ಎಲ್ಲರಿಗೂ ಧನ್ಯವಾದ. ಅಂಗಡಿಯಲ್ಲಿ ಹುಡುಗನಿಗೆ ಓದಿ ಹೇಳಿದೆ. ಕೋತಿ ಮೇಯರ್‌ನ ಬೋರ್ಡ್ ಡಿಸೈನ್ ಆಗಲೇ ಕಂಪ್ಯೂಟರ್‌ನಲ್ಲಿ ಮಾಡಿಟ್ಟಿದ್ದಾನೆ.

ನಿವೃತ್ತರು ಹೇಳಿದ ಚೆಕ್ಕಿನ ಮಾತು ನನ್ನ ತಲೆಯಲ್ಲಿ ಕೂತಿತು. ನಾನು ಯಾರು ಆರಿಸಬೇಕು ಅಂತ ಕೇಳಿದ್ದೆ. ಪೈಪಿನವರಿಗೂ ರಸ್ತೆಯವರಿಗೂ ಒಬ್ಬರೇ ಯಜಮಾನರು ಇದ್ದಾರಾ ಅಂತ ಕೇಳಬೇಕಿತ್ತು. ಹಾಗಿದ್ದರೆ ನೇರವಾಗಿ ಆರಿಸೋಣ, ಐದು ವರ್ಷ ಇರಲಿ, ನನ್ನ ವ್ಯಾಪಾರ ಹಾಳಾದರೂ ಪರವಾಗಿಲ್ಲ. ಇಲ್ಲದಿದ್ದರೆ ಏಲಕ್ಕಿ ಅಕ್ಕ ಹೇಳಿದಂತೆ ಮೊದಲು ಅವಧಿ ಹೆಚ್ಚಿಸಲಿ. ಧಾರವಾಡಕ್ಕೆ ಬೇರೆ ಪಾಲಿಕೆ ಮಾಡೋಕೆ 2025ರ ಜನವರಿಯಲ್ಲಿ ಸಂಪುಟ ಒಪ್ಪಿದಾಗ ಎಲ್ಲರೂ ಪೇಢಾ ಹಂಚಿದರು. ಎರಡು ಪಾಲಿಕೆ ಅಂದರೆ ಎರಡು ಮೇಯರ್, ನನಗೂ ಖುಷಿ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಆ ಮೇಯರ್ ಕೈಯಲ್ಲಿ ಏನಿರುತ್ತೆ ಅಂತ ಆವತ್ತು ನಾನೂ ಕೇಳಲಿಲ್ಲ.

ಅಂದ ಹಾಗೆ, ಮೊನ್ನೆ ಬೆಳಗ್ಗೆ ಶಟರ್ ಎತ್ತುವಷ್ಟರಲ್ಲಿ ಗುಂಡಿಗೆ ಕಡಿ ಹಾಕಿ ಮುಚ್ಚಿದ್ದರು. ಒಂದು ಥ್ಯಾಂಕ್ಸ್ ಬೋರ್ಡ್ ಪುಕ್ಕಟೆ ಮಾಡಿಕೊಡೋಣ ಅಂತ ಮೂರೂ ಕಚೇರಿಗೆ ಫೋನ್ ಮಾಡಿದೆ. ಮೂರೂ ಕಡೆ "ನಾವಲ್ಲರೀ" ಅಂದರು.