ಪದ ಬೇಕು: ವಾಕರ್, ಕ್ರಚ್, ಕ್ವಾಡ್ರಿಪಾಡ್, ವೈಟ್ ಕೇನ್. ಫ್ಲೆಕ್ಸಿಗೆ, ಸಂಜೆಯೊಳಗೆ

ಗಂಗಾವತಿಯಿಂದ:

ನಮಸ್ಕಾರ. ನಾಳೆ ಇಲ್ಲಿ ಹಿರಿಯರಿಗೂ ಅಂಗವಿಕಲರಿಗೂ ನಡೆಯಲು ನೆರವಾಗುವ ಸಾಮಾನು ಹಂಚುವ ಶಿಬಿರವಿದೆ. ಒಂದೊಂದು ಸಾಮಾನಿಗೆ ಒಂದೊಂದು ಮೇಜು, ಮೇಜಿಗೊಂದು ಬೋರ್ಡು. ನನಗೆ ಕೊಟ್ಟ ಪಟ್ಟಿ ಇಂಗ್ಲಿಷಿನದು: ವಾಕರ್ (ಹಿಡಿದು ನಡೆಯುವ ಚೌಕಟ್ಟು), ಆಕ್ಸಿಲರಿ ಕ್ರಚ್ (ಕಂಕುಳ ಕೆಳಗೆ ಬರುವುದು), ಎಲ್ಬೋ ಕ್ರಚ್ (ಮೊಣಕೈವರೆಗೆ ಬರುವುದು), ಕ್ವಾಡ್ರಿಪಾಡ್ (ಕೆಳಗೆ ನಾಲ್ಕು ಕಾಲಿರುವುದು), ವೈಟ್ ಕೇನ್ (ಕಣ್ಣು ಕಾಣದವರದು). ಯಾರೋ ಆಗಲೇ ಕನ್ನಡ ಮಾಡಿಯೂ ಕಳಿಸಿದ್ದಾರೆ: ‘ಚಲನ ಸಹಾಯಕ ಚೌಕಟ್ಟು’, ‘ಕಕ್ಷ ಯಷ್ಟಿ’, ‘ಚತುಷ್ಪಾದ ದಂಡ’, ‘ಶ್ವೇತ ದಂಡ’. ಇದನ್ನೇ ಹಾಕಿದರೆ ಜನ ತಮ್ಮ ಮೇಜು ಯಾವುದೆಂದು ತಿಳಿಯದೆ ಬಿಸಿಲಲ್ಲಿ ಸಾಲು ಬದಲಿಸುತ್ತ ನಿಲ್ಲುತ್ತಾರೆ. ಅದೂ ಎಂಥ ಜನ, ನಿಲ್ಲಲಾಗದವರೇ. ಫ್ಲೆಕ್ಸ್ ಅಂಗಡಿ ಸಂಜೆ ಆರಕ್ಕೆ ಮುಚ್ಚುತ್ತದೆ. ಐದಕ್ಕೂ ‘ಊರುಗೋಲು’ ಎಂದು ಬರೆಸಿ ಕೆಳಗೆ ಚಿತ್ರ ಕೊಟ್ಟರೆ ತಪ್ಪೇ?

ಬಳ್ಳಾರಿಯಿಂದ:

ವಾಕರ್ ಅಂದರೆ ವಾಕರೇ. ಮಂಡಿ ಆಪರೇಷನ್ ಆದ ಯಾವ ಮನೆಗೆ ಹೋದರೂ ಅದನ್ನು ಹಾಗೇ ಕರೆಯುತ್ತಾರೆ. ಉಳಿದವಕ್ಕೆ ಚಿತ್ರ ಸಾಕು. ಚರ್ಚೆ ಬೇಡ.

ಕೊಪ್ಪಳದಿಂದ:

ಪದಚರ್ಚೆಯಲ್ಲಿ ಚರ್ಚೆ ಬೇಡ ಎನ್ನುವವರು ಸುಮ್ಮನಿರಬಹುದು.

ಯಷ್ಟಿ, ದಂಡ ಎರಡನ್ನೂ ತೆಗೆದುಹಾಕಿ. ಊರುಗೋಲು ಅಚ್ಚಗನ್ನಡ: ಊರು ಧಾತು, ಕೋಲು ನಾಮ, ಕಕಾರಕ್ಕೆ ಗಕಾರ. ಬಸವಣ್ಣನವರ ‘ಕಾಲ ಮೇಲೆ ಕೈಯನೂರಿ ಕೋಲ ಹಿಡಿಯದ ಮುನ್ನ’ ನೆನೆಯಿರಿ. ಹನ್ನೆರಡನೆಯ ಶತಮಾನದ ಒಂದೇ ಸಾಲಿನಲ್ಲಿ ಊರುವುದೂ ಇದೆ, ಕೋಲೂ ಇದೆ. ಅಲ್ಲಿ ಊರಿದ್ದು ಕೈ, ಹಿಡಿದದ್ದು ಕೋಲು ಎಂಬುದನ್ನು ಮಾತ್ರ ಮರೆಯಬೇಡಿ, ಈ ಸಾಲನ್ನು ಊರುಗೋಲಿಗೇ ಆಧಾರ ಎಂದು ಎತ್ತಿ ತೋರಿಸುವವರಿದ್ದಾರೆ.

ವೈಟ್ ಕೇನಿಗೆ ನನ್ನ ಪದ ಬೆಳ್ಗೋಲು. ಬೆಳ್ ಎಂಬುದು ಬಿಳಿಯ ಹಳೆಯ ರೂಪ. ಬೆಳ್ದಿಂಗಳು ಎಲ್ಲರಿಗೂ ಗೊತ್ತು, ಬೆಳ್ಗೊಡೆ ಹಳಗನ್ನಡ ಕಾವ್ಯದಲ್ಲಿದೆ, ಬೆಳ್ಗೊಳ ಹಾಸನ ಜಿಲ್ಲೆಯಲ್ಲಿ ಊರಾಗಿ ನಿಂತಿದೆ. ತಿಂಗಳು, ಕೊಡೆ, ಕೊಳ ಎಲ್ಲಕ್ಕೂ ಸಲ್ಲುವ ನಿಯಮ ಕೋಲಿಗೆ ಏಕೆ ಸಲ್ಲದು? ಪತ್ರಿಕೆಗಳು ‘ಬಿಳಿ ಬೆತ್ತ’ ಎಂದು ಬರೆಯುತ್ತವೆ. ಬೆತ್ತ ಸಂಸ್ಕೃತದ ವೇತ್ರದ ತದ್ಭವ, ಸಾಲದ ಮಾತು. ಮೇಲಾಗಿ ಬೆತ್ತ ಎಂದೊಡನೆ ಶಾಲೆಯ ಮೇಷ್ಟ್ರು ಕಣ್ಣ ಮುಂದೆ ಬರುತ್ತಾರೆ.

ರಾಯಚೂರಿನಿಂದ:

ಬೆಳ್ಗೋಲು ನಡೆಯುವುದಿಲ್ಲ. ಬೋರ್ಡು ಯಾರಿಗೆ ಎಂದು ಮೊದಲು ಯೋಚಿಸಿ. ಬಿಳಿ ಕೋಲು ಬೇಕಾದವರು ಬೋರ್ಡು ಓದುವುದಿಲ್ಲ. ಮೈಕಿನಲ್ಲಿ ಕೂಗಿದ್ದನ್ನು ಕೇಳುತ್ತಾರೆ, ಇಲ್ಲವೇ ಜೊತೆಗೆ ಬಂದ ಮೊಮ್ಮಗ ಓದಿ ಹೇಳುತ್ತಾನೆ. ಕಿವಿಗೆ ಬಿದ್ದ ಕೂಡಲೇ ತಿಳಿಯದ ಪದ ಅಲ್ಲಿ ಕೆಲಸಕ್ಕೆ ಬಾರದು.

ಐದಕ್ಕೂ ಊರುಗೋಲು ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು. ಬಿಳಿ ಕೋಲನ್ನು ಊರುವುದಿಲ್ಲ. ಅದು ಭಾರ ಹೊರಲು ಮಾಡಿದ್ದೇ ಅಲ್ಲ. ಮಡಿಸುವ ಕೋಲಾದರೆ ಸಣ್ಣ ಅಲ್ಯೂಮಿನಿಯಂ ಕೊಳವೆಯ ತುಂಡುಗಳು, ಒಳಗೊಂದು ಎಲಾಸ್ಟಿಕ್ ದಾರ, ಅಷ್ಟೇ. ನೆಲದಿಂದ ಎದೆಯ ನಡು ಎಲುಬಿನವರೆಗೆ ಉದ್ದ. ಬಲಗಾಲು ಮುಂದಿಡುವಾಗ ತುದಿ ಎಡಕ್ಕೆ ತಾಗಬೇಕು, ಎಡಗಾಲು ಇಡುವಾಗ ಬಲಕ್ಕೆ. ಮುಂದಿನ ಹೆಜ್ಜೆ ಬೀಳುವ ಜಾಗದಲ್ಲಿ ಕಲ್ಲಿದೆಯೋ ಗುಂಡಿಯಿದೆಯೋ ಎಂದು ಒಂದು ಹೆಜ್ಜೆ ಮೊದಲೇ ತಿಳಿಯುವುದು ಹೀಗೆ. ಮೈಕಿನಲ್ಲಿ ಇದನ್ನೂ ಊರುಗೋಲು ಎಂದು ಕೂಗಿದರೆ ಮಂಡಿನೋವಿನ ಅಜ್ಜಿ ಆ ಸಾಲಿಗೆ ಬರುತ್ತಾಳೆ, ಮನೆಗೆ ಹೋಗಿ ಅದರ ಮೇಲೆ ಭಾರ ಹಾಕುತ್ತಾಳೆ, ಕೋಲು ಬಾಗಿ ಬೀಳುತ್ತಾಳೆ. ಆ ವಯಸ್ಸಿನಲ್ಲಿ ಸೊಂಟದ ಎಲುಬು ಮುರಿದರೆ ಎಷ್ಟೋ ಜನ ಮತ್ತೆ ಹಾಸಿಗೆ ಬಿಟ್ಟು ಏಳುವುದೇ ಇಲ್ಲ.

ಬಿಳಿ ಬಣ್ಣವೂ ಅಂದಕ್ಕಲ್ಲ. 1921ರಲ್ಲಿ ಬ್ರಿಸ್ಟಲ್ಲಿನ ಛಾಯಾಗ್ರಾಹಕ ಜೇಮ್ಸ್ ಬಿಗ್ಸ್, ಅಪಘಾತದಲ್ಲಿ ದೃಷ್ಟಿ ಹೋದ ಮೇಲೆ, ಗಾಡಿ ಓಡಿಸುವವರಿಗೆ ತಾನು ಕಾಣಲೆಂದು ಕೋಲಿಗೆ ಬಿಳಿ ಬಳಿದ. ಉದ್ದದ ಕೋಲನ್ನು ಎಡಬಲ ಆಡಿಸುತ್ತ ನಡೆಯುವ ಪದ್ಧತಿಯನ್ನು ರೂಪಿಸಿದ್ದು ಅಮೆರಿಕದ ರಿಚರ್ಡ್ ಹೂವರ್, ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ. ಉದ್ದ ಇರುವುದು ಹಿಡಿದವರಿಗೆ, ಬಿಳುಪು ಎದುರು ಬರುವವರಿಗೆ. ಕಿವಿಯೂ ಕೇಳದವರ ಕೋಲಿಗೆ ಕೆಲವು ದೇಶಗಳಲ್ಲಿ ಕೆಂಪು ಪಟ್ಟಿ ಇರುತ್ತದೆ. ಅದಕ್ಕೇ ಯಾರಾದರೂ ‘ತಡವುಗೋಲು’ ತರುವ ಮೊದಲೇ ಹೇಳುತ್ತೇನೆ, ಬೇಡ. ಬಿಳಿ ಬಿಟ್ಟರೆ ಅರ್ಧ ಅರ್ಥ ಹೋಯಿತು.

ಆಕ್ಸಿಲರಿ ಕ್ರಚಿಗೆ ಕಂಕುಳಗೋಲು ಎನ್ನಿ. ಆದರೆ ಹೆಸರು ಕೇಳಿ ಜನ ಕಂಕುಳಿಗೇ ಭಾರ ಕೊಟ್ಟು ಜೋತುಬೀಳುತ್ತಾರೆ. ಅಲ್ಲಿ ನರ ಒತ್ತಿದರೆ ಕೈ ಜೋಮು ಹಿಡಿಯುತ್ತದೆ, ಮಣಿಕಟ್ಟು ಎತ್ತಲಾಗುವುದಿಲ್ಲ. ಮೇಲಿನ ಮೆತ್ತೆಗೂ ಕಂಕುಳಿಗೂ ನಡುವೆ ಎರಡು ಮೂರು ಬೆರಳಿನ ಸಂದು ಬೇಕು, ಭಾರವೆಲ್ಲ ಅಂಗೈ ಮೇಲೆ ಬೀಳಬೇಕು. ಮೇಜಿನಲ್ಲಿ ಕೂತವರು ಇದನ್ನು ಬಾಯಿಬಿಟ್ಟು ಹೇಳಲಿ. ಎಲ್ಬೋ ಕ್ರಚ್ ಮೊಣಕೈ ಕೋಲು. ಕ್ವಾಡ್ರಿಪಾಡ್ ನಾಲ್ಕು ಕಾಲಿನ ಕೋಲು, ಪಾರ್ಶ್ವವಾಯು ಹೊಡೆದು ಒಂದೇ ಕೈ ಉಳಿದವರಿಗೆ.

ನಮ್ಮ ಸಿಂಧನೂರು, ಮಾನ್ವಿ ಕಡೆ ಇವೆಲ್ಲಕ್ಕೂ ಒಂದೇ ಮಾತು, ಬಡಿಗಿ. ‘ಬಡಿಗಿ ಊರ್ಕೊಂಡು ಬಂದಾರ’ ಅನ್ನುತ್ತಾರೆ. ಗಡಿಯಾಚೆ ತೆಲುಗಿನವರು ‘ಊತಕರ್ರ’ ಎನ್ನುತ್ತಾರೆ. ಬಡಿಗಿಯನ್ನೂ ಬೋರ್ಡಿಗೆ ಹಾಕಬಹುದಿತ್ತು.

ಕೊಪ್ಪಳದಿಂದ:

ಬಡಿಗೆ ಬಡಿ ಧಾತುವಿನದು, ಹೊಡೆಯುವ ವಸ್ತು. ಹಿರಿಯರ ಕೈಗೆ ಕೊಡುವ ಪದವಲ್ಲ.

ವಾಕರನ್ನು ಮಾತ್ರ ನೀವೆಲ್ಲ ಹಾಗೇ ಬಿಟ್ಟುಬಿಟ್ಟಿರಿ. ಅದಕ್ಕೆ ‘ನಡೆಗಂಬಿ’ ಎನ್ನಿ. ನಡೆಯಲು ಹಿಡಿಯುವ ಕಂಬಿ, ಇದರಲ್ಲಿ ತಿಳಿಯದ್ದು ಏನಿದೆ? ಗಾಲಿಕುರ್ಚಿಯನ್ನು ಜನ ಒಪ್ಪಲಿಲ್ಲವೇ?

ಬಳ್ಳಾರಿಯಿಂದ:

ಗಾಲಿಕುರ್ಚಿಯ ಕುರ್ಚಿ ಅರಬ್ಬಿ ಮೂಲದ್ದು. ನಿಮ್ಮ ಮೆಚ್ಚಿನ ಪದದ ಅರ್ಧವೇ ಸಾಲ. ನೀವು, ರಾಯಚೂರಿನವರು ನಿಜಾಮರ ಆಳ್ವಿಕೆಯಲ್ಲಿದ್ದಿರಿ, ದವಾಖಾನಿಗೆ ಹೋಗುತ್ತೀರಿ. ನಾವು 1953ರವರೆಗೆ ಮದರಾಸಿಗೆ ಸೇರಿದ್ದವರು, ಆಸ್ಪತ್ರೆಗೆ ಹೋಗುತ್ತೇವೆ. ಎರಡೂ ಹೊರಗಿನಿಂದ ಬಂದ ಮಾತು, ಎರಡರಲ್ಲೂ ಕಾಯಿಲೆ ವಾಸಿಯಾಗುತ್ತದೆ. ಜನ ಬಾಯಲ್ಲಿ ಸವೆಸಿ ತಮ್ಮದು ಮಾಡಿಕೊಂಡ ಮಾತಿಗೆ ಕುಲ ಕೇಳಬೇಡಿ.

ಕೊಪ್ಪಳದಿಂದ:

ಕುಲ ಕೇಳಲಿಲ್ಲ, ಶಕ್ತಿ ಕೇಳಿದೆ. ಕಂಕುಳಗೋಲು ಕೇಳಿದ ರೈತನಿಗೆ ಅದು ಎಲ್ಲಿ ಕೂರುತ್ತದೆ ಎಂದು ಗೊತ್ತಾಗುತ್ತದೆ. ಆಕ್ಸಿಲರಿ ಕೇಳಿದರೆ ಏನೂ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಪದ ಕಟ್ಟುವ ಬಲ ಇರುವಾಗ ಕಟ್ಟದೆ ಬಿಡುವುದು ಸೋಮಾರಿತನ. ಹಳೆಯ ಸಾಲ ಇದೆಯೆಂದು ಹೊಸದನ್ನು ಮಾಡುತ್ತ ಹೋಗಬೇಕೇ?

ರಾಯಚೂರಿನಿಂದ:

ಕಂಕುಳಗೋಲಿನ ಮಾತು ಒಪ್ಪಿದೆ. ನಡೆಗಂಬಿಗೆ ಒಪ್ಪುವುದಿಲ್ಲ. ವಾಕರ್ ಬೇಕಾದವರು ಆಗಲೇ ವಾಕರ್ ಎಂದು ಕೇಳಿಕೊಂಡು ಬರುತ್ತಾರೆ. ಆ ಮೇಜಿನ ಮೇಲೆ ಬೇರೆ ಹೆಸರು ಹಾಕಿ ಅವರನ್ನು ಅಲೆದಾಡಿಸಬಾರದು. ಪದ ಕಟ್ಟಬೇಕಾದದ್ದು ಜನರ ಬಾಯಲ್ಲಿ ಪದ ಇಲ್ಲದ ಕಡೆ.

ಗಂಗಾವತಿಯಿಂದ:

ಕೊಟ್ಟುಬಂದೆ. ವಾಕರ್. ಕಂಕುಳಗೋಲು. ಮೊಣಕೈ ಕೋಲು. ನಾಲ್ಕು ಕಾಲಿನ ಕೋಲು. ಐದನೆಯದಕ್ಕೆ ‘ಬಿಳಿ ಕೋಲು’, ಕೆಳಗೆ ಸಣ್ಣಕ್ಷರದಲ್ಲಿ ‘ಕಣ್ಣು ಕಾಣದವರಿಗೆ, ಊರಲು ಅಲ್ಲ’. ಮೈಕಿನವರಿಗೂ ಇದನ್ನೇ ಬರೆದುಕೊಟ್ಟಿದ್ದೇನೆ.

ರಾಯಚೂರಿನಿಂದ:

ಸರಿ. ಇನ್ನೊಂದು. ಊರುವ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಎತ್ತರಕ್ಕೆ ಬರುವಂತೆ ಅಲ್ಲೇ ಸರಿಮಾಡಿ ಕೊಡಿ, ಒಂದೇ ಕೋಲಾದರೆ ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ ಹಿಡಿಸಿ. ತುದಿಯ ರಬ್ಬರ್ ಬುಷ್ ಒಂದು ಜೊತೆ ಹೆಚ್ಚಿಗೆ ಕೊಡಿ. ಸವೆದ ಬುಷ್ ನುಣುಪು ಬಂಡೆಯ ಮೇಲೆ, ಗ್ರಾನೈಟಿನ ಮೇಲೆ ಜಾರುತ್ತದೆ, ನಮ್ಮ ಮೂರೂ ಜಿಲ್ಲೆಗಳಲ್ಲಿ ಇರುವುದೇ ಅದು.

ಕೊಪ್ಪಳದಿಂದ:

ವಾಕರ್ ಬಗ್ಗೆ ನನ್ನ ಆಕ್ಷೇಪ ದಾಖಲಾಗಲಿ. ಬುಷ್‌ಗೆ ನನ್ನ ಪದ ತುದಿಗವಸು. ಬೇಡ ಎನ್ನುವವರು ಕಾರಣ ಕೊಡಲಿ.