ಅಪ್‌ಡೇಟ್: ಮೈನ್‌ಕ್ರಾಫ್ಟ್ ಲ್ಯಾನ್ ಆಟ ಕೊನೆಗೂ ಸರಿಹೋಯ್ತು

ಹೋದ ವಾರ ಕೇಳಿದ್ದೆನಲ್ಲ, ಮಹಡಿ ಮೇಲಿನ ನನ್ನ ಪಿಸಿಯಲ್ಲಿ ಮೈನ್‌ಕ್ರಾಫ್ಟ್ ಜಾವಾ ಆಟವನ್ನು 'ಓಪನ್ ಟು ಲ್ಯಾನ್' (ಮನೆಯ ನೆಟ್‌ವರ್ಕಿನಲ್ಲಿರುವ ಬೇರೆಯವರೂ ಸೇರೋ ಹಾಗೆ ತೆರೆಯೋದು) ಮಾಡಿದರೆ ಕೆಳಗಿರುವ ತಮ್ಮನಿಗೆ ಕಾಣಿಸ್ತಾನೇ ಇಲ್ಲ ಅಂತ. ಈಗ ಸರಿಹೋಗಿದೆ.

ಮೊದಲು ಫೈರ್‌ವಾಲ್‌ನಲ್ಲಿ ಜಾವಾಗೆ ಅನುಮತಿ ಕೊಟ್ಟು ನೆಟ್‌ವರ್ಕನ್ನು 'ಪ್ರೈವೇಟ್' ಮಾಡಿದೆ, ಏನೂ ಬದಲಾಗಲಿಲ್ಲ. ಇಂಟರ್ನೆಟ್‌ನವರ ಬಾಕ್ಸಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಒಂದು ಪೋರ್ಟ್ ನಂಬರಿಗೆ ಬಂದದ್ದನ್ನು ಒಳಗಿನ ಒಂದು ಪಿಸಿಗೆ ಕಳಿಸೋ ಸೆಟ್ಟಿಂಗ್) ಕೂಡ ಸುಮ್ನೆ ಶ್ರಮ, ಪ್ರತಿ ಸಲ ಆಟ ತೆರೆದಾಗ ಪೋರ್ಟ್ ನಂಬರೇ ಬೇರೆ ಬರುತ್ತೆ.

ಕೆಲಸ ಮಾಡಿದ್ದು 'ಎರಡೂ ಪಿಸಿಗಳ ಐಪಿ (ನೆಟ್‌ವರ್ಕಿನಲ್ಲಿ ಪಿಸಿಯ ವಿಳಾಸ) ನೋಡಿ' ಅಂದವರ ಸಲಹೆ. ತಮ್ಮನದು 192.168.1.7, ನನ್ನದು 192.168.0.103! ಮೂರನೇ ಅಂಕಿ ಬೇರೆ, ಅಂದ್ರೆ ನೆಟ್‌ವರ್ಕೇ ಬೇರೆ. ವೈಫೈ ಸಿಗಲ್ಲ ಅಂತ ಮೇಲೆ ಹಾಕಿದ್ದ ಹಳೇ ರೌಟರ್ ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಂಡಿತ್ತು. ಅದರ ಐಪಿ 192.168.1.2 ಮಾಡಿ, ಡಿಎಚ್‌ಸಿಪಿ (ಪಿಸಿಗಳಿಗೆ ಐಪಿ ಹಂಚೋ ಕೆಲಸ) ಆಫ್ ಮಾಡಿ, ನೀಲಿ ವ್ಯಾನ್ (WAN, ಇಂಟರ್ನೆಟ್ ಕಡೆಯ) ಪೋರ್ಟಿನಲ್ಲಿದ್ದ ಕೇಬಲ್ ಕಿತ್ತು ಪಕ್ಕದ ಲ್ಯಾನ್ ಪೋರ್ಟಿಗೆ ಚುಚ್ಚಿದೆ, ಎರಡೂ ಪಿಸಿ ರೀಸ್ಟಾರ್ಟ್ ಮಾಡಿದೆ, ಅಷ್ಟೇ. ಕೆಳಗಿನಿಂದ 'ಅಣ್ಣಾ, ಬಂತು!' ಅಂತ ಕೂಗು ಕೇಳಿಸ್ತು.

ನನಗೆ ಹೊಸದಾಗಿ ಗೊತ್ತಾಗಿದ್ದು: ಆಟ ತನ್ನ ಇರುವಿಕೆಯನ್ನು 224.0.2.60 ಅನ್ನೋ ಮಲ್ಟಿಕಾಸ್ಟ್ (ಒಂದೇ ಸಲಕ್ಕೆ ಹಲವರಿಗೆ ತಲುಪೋ) ವಿಳಾಸಕ್ಕೆ, 4445ನೇ ಪೋರ್ಟಿನಲ್ಲಿ ಸಾರುತ್ತೆ, ಮನೆಯ ರೌಟರ್ ಅದನ್ನು ಸಾಮಾನ್ಯವಾಗಿ ಆಚೆ ದಾಟಿಸಲ್ಲ. ತಮ್ಮ ಹೋಸ್ಟ್ ಮಾಡಿದಾಗ ಅವನ ಐಪಿ, ಪೋರ್ಟ್ ಟೈಪ್ ಮಾಡಿ ನಾನು ಸೇರೋಕೆ ಆಗ್ತಿತ್ತು, ಅವನಿಗೆ ಮಾತ್ರ ನನ್ನ ಹತ್ತಿರ ಬರೋಕೆ ಆಗ್ತಿರಲಿಲ್ಲ, ಅದಕ್ಕೂ ಹೊರಗಿನಿಂದ ಬರೋ ಸಂಪರ್ಕವನ್ನು ತಡೀತಿದ್ದ ಈ ಎರಡನೇ ರೌಟರೇ ಕಾರಣ. ಐಪಿ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.