ಉಚಿತ ಸಾಫ್ಟ್‌ವೇರ್‌ನಲ್ಲೇ ಕಲಿತರೆ ಇಲಸ್ಟ್ರೇಷನ್, ಆನಿಮೇಷನ್ ಕೆಲಸಕ್ಕೆ ಸಾಕಾಗುತ್ತಾ?

ನೀಲಿಶಾಯಿ:
ಕಾಲೇಜಿನಲ್ಲಿ ಓದುತ್ತಿರೋದು ಬೇರೆ ವಿಷಯ, ಮನಸ್ಸಿರೋದು ಇಲಸ್ಟ್ರೇಷನ್ ಮತ್ತು ಆನಿಮೇಷನ್ ಕಡೆ. ಲ್ಯಾಪ್‌ಟಾಪ್‌ಗೆ 8 ಜಿಬಿ ಮೆಮೊರಿ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಚಿಕ್ಕದೊಂದು ಪೆನ್ ಟ್ಯಾಬ್ಲೆಟ್ ಇದೆ. ತಿಂಗಳಿಗಿಷ್ಟು ಅಂತ ಕಟ್ಟಿ ಸಾಫ್ಟ್‌ವೇರ್ ಬಳಸೋಕೆ ಆಗಲ್ಲ, ಕದ್ದ ಪ್ರತಿ ಬೇಡ. ಚಿತ್ರ ಬರೆಯೋಕೆ ಕ್ರಿಟಾ, ಗೆರೆ-ಆಕಾರದ (ವೆಕ್ಟರ್) ಚಿತ್ರಕ್ಕೆ ಇಂಕ್‌ಸ್ಕೇಪ್, ಮೂರು ಆಯಾಮದ ಕೆಲಸ ಮತ್ತು ಆನಿಮೇಷನ್‌ಗೆ ಬ್ಲೆಂಡರ್, ಮೂರನ್ನೂ ಹಾಕಿಕೊಂಡಿದ್ದೇನೆ. ಇವುಗಳಲ್ಲಿ ಕಲಿತದ್ದಕ್ಕೆ ಹೊರಗೆ ಬೆಲೆ ಇದೆಯಾ? ವಾರಕ್ಕೆ ಹತ್ತು ಗಂಟೆ ಸಿಗುತ್ತೆ, ಹೇಗೆ ಹಂಚಿಕೊಳ್ಳಲಿ? ಇನ್ನೊಂದು, ಕ್ರಿಟಾದಲ್ಲಿ ದೊಡ್ಡ ಬ್ರಷ್ ಎಳೆದರೆ ಗೆರೆ ಅರ್ಧ ಸೆಕೆಂಡ್ ತಡವಾಗಿ ಬರುತ್ತೆ. ಲ್ಯಾಪ್‌ಟಾಪ್ ಬದಲಿಸಲೇಬೇಕಾ?

ಕರಡುಪ್ರತಿ:
ಬೇಡ. ಮೊದಲು ಕ್ಯಾನ್ವಾಸ್ ಗಾತ್ರ ನೋಡಿ. ಎ4 ಹಾಳೆ 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ) ಅಂದರೆ 2480 × 3508 ಪಿಕ್ಸೆಲ್. 8 ಬಿಟ್ ಬಣ್ಣದಲ್ಲಿ ಕೆಂಪು, ಹಸಿರು, ನೀಲಿ, ಪಾರದರ್ಶಕತೆಗೆ ತಲಾ ಒಂದರಂತೆ ಪಿಕ್ಸೆಲ್‌ಗೆ 4 ಬೈಟ್, ಹಾಗಾಗಿ ತುಂಬಿದ ಒಂದು ಲೇಯರ್‌ಗೆ (ಒಂದರ ಮೇಲೊಂದು ಇಡೋ ಚಿತ್ರದ ಪದರಕ್ಕೆ) ಸುಮಾರು 35 ಎಂಬಿ. "ದೊಡ್ಡದಿದ್ದರೆ ಒಳ್ಳೇದು" ಅಂತ ಎ3, 600 ಡಿಪಿಐ ತೆರೆದರೆ ಅದೇ ಲೇಯರ್ 278 ಎಂಬಿ ಆಗುತ್ತೆ. 16 ಬಿಟ್ ಆರಿಸಿದ್ದರೆ ಅದರ ಎರಡರಷ್ಟು. ಹತ್ತು ಲೇಯರ್ ಹಾಕಿ, ಹಿಂದಕ್ಕೆ ಹೋಗೋ ಹೆಜ್ಜೆಗಳನ್ನೂ ಸೇರಿಸಿ, 8 ಜಿಬಿ ಎಲ್ಲಿ ಹೋಯಿತು ಅಂತ ಗೊತ್ತಾಗುತ್ತೆ. ಅಭ್ಯಾಸಕ್ಕೆ ಎ4, 300, 8 ಬಿಟ್ ಧಾರಾಳ. ಆಮೇಲೆ ಸೆಟ್ಟಿಂಗ್ಸ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಮಿತಿ ನೋಡಿಕೊಳ್ಳಿ, ವ್ಯೂ ಮೆನುವಿನಲ್ಲಿ ಇನ್‌ಸ್ಟಂಟ್ ಪ್ರಿವ್ಯೂ ಆನ್ ಮಾಡಿ. ವಿಂಡೋಸ್‌ನಲ್ಲಿ ಪೆನ್ನಿನ ಒತ್ತಡವೇ ಹಿಡಿಯದಿದ್ದರೆ ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ಗೆ ಹೋಗಿ ಪೆನ್ನಿನ ಚಲನೆ ಓದೋ ವಿನ್‌ಟ್ಯಾಬ್, ವಿಂಡೋಸ್ ಇಂಕ್ ಅನ್ನೋ ಎರಡು ವಿಧಾನಗಳಲ್ಲಿ ಈಗಿಲ್ಲದ್ದನ್ನು ಆರಿಸಿ, ಕ್ರಿಟಾ ಮುಚ್ಚಿ ತೆರೆಯಿರಿ.

ಬೆಲೆ ಇದೆಯಾ ಅನ್ನೋದಕ್ಕೆ ನಮ್ಮ ಮಾತು ನಂಬಬೇಡಿ. ನಿಮಗೆ ಬೇಕಾದ ಕೆಲಸದ ಮೂವತ್ತು ಜಾಹೀರಾತು ಹುಡುಕಿ, ಹಾಳೆಯಲ್ಲಿ ಎರಡು ಸಾಲು ಮಾಡಿ, ಕೇಳಿರೋ ಸಾಫ್ಟ್‌ವೇರ್ ಒಂದರಲ್ಲಿ, ಕೇಳಿರೋ ಕೌಶಲ ಇನ್ನೊಂದರಲ್ಲಿ ಗೀಟು ಹಾಕುತ್ತ ಹೋಗಿ. ಮುಖಪುಟ, ಮಕ್ಕಳ ಪುಸ್ತಕ, ಕಾಮಿಕ್ಸ್ ಥರದ ಬಿಡಿ ಕೆಲಸದಲ್ಲಿ ಕೈಗೆ ಬಂದ ಫೈಲ್ ಸರಿ ಇದ್ದರೆ ಸಾಕು, ಅದು ಎಲ್ಲಿ ಹುಟ್ಟಿತು ಅಂತ ಯಾರೂ ಕೇಳಲ್ಲ. ದೊಡ್ಡ ಸ್ಟುಡಿಯೊದಲ್ಲಿ ಹಾಗಲ್ಲ. ಒಬ್ಬರ ಫೈಲನ್ನು ಇನ್ನೊಬ್ಬರು ತೆರೆಯಬೇಕು. ಎಷ್ಟೋ ಕಡೆ ಕೆಲಸದ ಸರಪಳಿ ಪೂರ್ತಿ ಮಾಯಾ ಅನ್ನೋ ಹಣ ಕೊಟ್ಟು ಬಳಸೋ ಆನಿಮೇಷನ್ ಸಾಫ್ಟ್‌ವೇರ್ ಸುತ್ತಲೇ ಹೆಣೆದಿರುತ್ತೆ. ಲಾಟ್ವಿಯಾದ 'ಫ್ಲೋ' (2024) ಬ್ಲೆಂಡರ್‌ನಲ್ಲಿ ತಯಾರಾಗಿ 2025ರಲ್ಲಿ ಅತ್ಯುತ್ತಮ ಆನಿಮೇಷನ್ ಚಿತ್ರದ ಆಸ್ಕರ್ ಗೆದ್ದಿದ್ದು ನಿಜ. ಆದರೆ ಅದು ತನ್ನ ದಾರಿ ತಾನೇ ಹಾಕಿಕೊಂಡ ಚಿಕ್ಕ ತಂಡದ ಸಿನಿಮಾ. ಅದನ್ನು ತೋರಿಸಿ "ಎಲ್ಲ ಸ್ಟುಡಿಯೊದಲ್ಲೂ ಬ್ಲೆಂಡರ್ ನಡೆಯುತ್ತೆ" ಅನ್ನೋರ ಮಾತು ಅರ್ಧಕ್ಕೆ ತಗೊಳ್ಳಿ.

ಹತ್ತು ಗಂಟೆಯಲ್ಲಿ ಐದು ಬರಿಯ ಚಿತ್ರಕ್ಕೆ: ಪರ್ಸ್‌ಪೆಕ್ಟಿವ್, ಅಂಗರಚನೆ, ಬೆಳಕು ನೆರಳು. ನಾಲ್ಕು ಗಂಟೆ ಒಂದೇ ಒಂದು ಸಾಫ್ಟ್‌ವೇರ್‌ಗೆ. ಉಳಿದ ಒಂದರಲ್ಲಿ ಹಿಂದಿನ ವಾರದ ಕೆಲಸ ತೆಗೆದು ತಪ್ಪು ಗುರುತು ಹಾಕಿ. ವಿಡಿಯೊ ನೋಡುತ್ತ ಕೈ ಆಡಿಸಿದ್ದು ಕಲಿಕೆ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಮಾರನೇ ದಿನ ವಿಡಿಯೊ ಮುಚ್ಚಿ, ಬೆಳಕಿನ ದಿಕ್ಕು ಬದಲಿಸಿ ಅದನ್ನೇ ಮಾಡಿ. ಎಲ್ಲಿ ಕೈ ನಿಲ್ಲುತ್ತೋ ಅದೇ ಮುಂದಿನ ಪಾಠ.

ಬಣ್ಣ ಚೆನ್ನಾಗಿದೆ, ಆದರೂ ಚಿತ್ರ ಸಪ್ಪೆ ಅನ್ನಿಸಿದರೆ ಎಲ್ಲಕ್ಕಿಂತ ಮೇಲೆ ಕಪ್ಪು ತುಂಬಿದ ಲೇಯರ್ ಇಟ್ಟು ಅದರ ಬ್ಲೆಂಡಿಂಗ್ ಮೋಡ್ (ಕೆಳಗಿನ ಲೇಯರ್ ಜೊತೆ ಬೆರೆಯೋ ರೀತಿ) 'ಕಲರ್' ಮಾಡಿ. ಬಣ್ಣ ಹೋಗಿ ಬೂದು ಮಾತ್ರ ಉಳಿಯುತ್ತೆ. ಮುಖವೂ ಹಿಂದಿನ ಗೋಡೆಯೂ ಒಂದೇ ಬೂದಾಗಿ ಕಂಡರೆ ಕಾರಣ ಸಿಕ್ಕಿತು. ಲೇಯರ್‌ನ ಕಣ್ಣು ಮುಚ್ಚಿ, ನೆರಳು ಗಟ್ಟಿ ಮಾಡಿ, ಮತ್ತೆ ತೆರೆದು ನೋಡಿ.

ಅಚ್ಚುಮೊಳೆ:
ಕರಡುಪ್ರತಿ ಹೇಳಿದ್ದರಲ್ಲಿ ಒಂದಕ್ಕೆ ನನ್ನ ತಕರಾರಿದೆ. "ಫೈಲ್ ಸರಿ ಇದ್ದರೆ ಸಾಕು" ಅಂದುಬಿಟ್ಟರು, ಆ ಸರಿ ಮಾಡೋದರಲ್ಲೇ ಉಚಿತ ಸಾಫ್ಟ್‌ವೇರ್‌ನವರು ಎಡವೋದು. ಇಂಕ್‌ಸ್ಕೇಪ್ ಕೊಡೋ ಪಿಡಿಎಫ್ ಆರ್‌ಜಿಬಿ ಬಣ್ಣದ್ದು, ಅಂದರೆ ಪರದೆಯ ಕೆಂಪು-ಹಸಿರು-ನೀಲಿಯದ್ದು. ಅದನ್ನು ಹಾಗೇ ಅಚ್ಚಿಗೆ ಕಳಿಸಿದರೆ ಕಪ್ಪು ಅಕ್ಷರ ಅಚ್ಚಿನ ನಾಲ್ಕೂ ಶಾಯಿಯ (ಸಯಾನ್, ಮಜೆಂಟಾ, ಹಳದಿ, ಕಪ್ಪು) ಮಿಶ್ರಣವಾಗುತ್ತೆ; ಅಚ್ಚಿನ ತಟ್ಟೆಗಳು ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಕಾಣುತ್ತೆ. ಅದಕ್ಕೆ ಚಿತ್ರ ಕ್ರಿಟಾ ಅಥವಾ ಇಂಕ್‌ಸ್ಕೇಪ್‌ನಲ್ಲಿ, ಪುಟ ಕಟ್ಟೋದು ಸ್ಕ್ರೈಬಸ್ ಅನ್ನೋ ಉಚಿತ ಪುಟವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ. ಅಕ್ಷರಕ್ಕೆ ಕಪ್ಪು ಶಾಯಿ 100, ಉಳಿದ ಮೂರೂ ಸೊನ್ನೆ. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸೋ ಗೆರೆಯಾಚೆ ಬಿಡೋ ಹೆಚ್ಚುವರಿ ಚಿತ್ರ), ಅಂದರೆ ಎ4 ಪುಟದ ಚಿತ್ರ 216 × 303 ಮಿ.ಮೀ. ಬೇಕು. ಚಿತ್ರವನ್ನು ಸರಿಯಾಗಿ 210 × 297ಕ್ಕೆ ಬಿಡಿಸಿಟ್ಟು ಕೊನೆಗೆ ಎಳೆದು ದೊಡ್ಡದು ಮಾಡೋರೇ ಹೆಚ್ಚು, ಆಮೇಲೆ ಅಂಚಿನಲ್ಲಿದ್ದ ತಲೆ ಕತ್ತರಿಸಿ ಹೋಯಿತು ಅಂತ ಗೋಳು. ಬಣ್ಣ ನಿರ್ವಹಣೆ ಆನ್ ಮಾಡದಿದ್ದರೆ ಸ್ಕ್ರೈಬಸ್‌ನಲ್ಲಿ ಪಿಡಿಎಫ್/ಎಕ್ಸ್ (ಅಚ್ಚಿಗೆಂದೇ ಇರೋ ಪಿಡಿಎಫ್) ಆಯ್ಕೆ ಸಿಗಲ್ಲ, ಅದನ್ನು ಮೊದಲೇ ಮಾಡಿಕೊಳ್ಳಿ.

ಕನ್ನಡ ಅಕ್ಷರದ ಮಾತು ಬೇರೆಯೇ ಇದೆ. ಸ್ಕ್ರೈಬಸ್ 1.4ರಲ್ಲಿ ಒತ್ತಕ್ಷರ ಮುರಿದು ಪಕ್ಕಕ್ಕೆ ಬೀಳುತ್ತಿತ್ತು, 1.6 ಹಾಕಿಕೊಂಡರೆ ಆ ಕಾಟ ಇಲ್ಲ. ಇಂಕ್‌ಸ್ಕೇಪ್‌ನಲ್ಲಿ ಯುನಿಕೋಡ್ ಕನ್ನಡ ಸರಿಯಾಗೇ ಬರುತ್ತೆ. ಯಾರಾದರೂ ಹಳೇ ಆಸ್ಕಿ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ ಕೊಟ್ಟರೆ ಫಾಂಟ್ ಬದಲಿಸಿದ ಕೂಡಲೇ ಕಸವಾಗಿ ಕಾಣುತ್ತೆ, ಮೊದಲು ಯುನಿಕೋಡ್‌ಗೆ ಪರಿವರ್ತಿಸಿ. ಫಾಂಟ್ ಬೇಕಿದ್ದರೆ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ 2, ತಿರೊ ಕನ್ನಡ, ಅನೇಕ್ ಕನ್ನಡ ಎಲ್ಲವೂ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ, ಹಣದ ಕೆಲಸಕ್ಕೂ ಬಳಸಬಹುದು. ಕೊನೆಗೆ ಗಿರಾಕಿಗೆ ಕಳಿಸುವ ಪ್ರತಿಯಲ್ಲಿ ಮಾತ್ರ ಅಕ್ಷರವನ್ನು ಪಾಥ್ (ಫಾಂಟ್ ಬೇಡದ ಬರೀ ಆಕಾರ) ಮಾಡಿ. ಮೂಲ ಫೈಲ್ ಹಾಗೇ ಇರಲಿ, ಇಲ್ಲದಿದ್ದರೆ ಒಂದು ದೀರ್ಘ ತಿದ್ದೋಕೆ ಪೂರ್ತಿ ಮತ್ತೆ ಟೈಪ್ ಮಾಡಬೇಕು.

ಪರವಾನಗಿ ವಿಷಯ ಗೊಂದಲ ಬೇಡ. ಕ್ರಿಟಾ, ಬ್ಲೆಂಡರ್‌ಗಳ ಜಿಪಿಎಲ್ ಪರವಾನಗಿ ಅನ್ವಯಿಸೋದು ಸಾಫ್ಟ್‌ವೇರ್‌ಗೆ, ನೀವು ಬರೆದ ಚಿತ್ರ ಪೂರ್ತಿ ನಿಮ್ಮದೇ. ಅಪಾಯ ಇರೋದು ಇಳಿಸಿಕೊಂಡ ಟೆಕ್ಸ್ಚರ್ (ಮೇಲ್ಮೈಗೆ ಹಚ್ಚೋ ಚಿತ್ರ), ಮೂರು ಆಯಾಮದ ಮಾಡೆಲ್‌ಗಳಲ್ಲಿ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಸಿಸಿ0 ಆದರೆ ನಿಶ್ಚಿಂತೆ, ಸಿಸಿ ಬೈ ಆದರೆ ಹೆಸರು ಹಾಕಬೇಕು, ಎನ್‌ಸಿ ಅಂತ ಇದ್ದರೆ ದುಡ್ಡಿನ ಕೆಲಸಕ್ಕೆ ಮುಟ್ಟಬೇಡಿ. ಇಳಿಸಿದ ದಿನವೇ ಎಲ್ಲಿಂದ, ಯಾವ ಪರವಾನಗಿ ಅಂತ ಅದೇ ಫೋಲ್ಡರ್‌ನಲ್ಲಿ ಬರೆದಿಡಿ.

ನೀಲಿಶಾಯಿ:
ಕ್ಯಾನ್ವಾಸ್ ನೋಡಿದೆ, ಎ3, 600, 16 ಬಿಟ್ ಇತ್ತು! ಬದಲಿಸಿದ ಮೇಲೆ ಗೆರೆ ಪೆನ್ನಿನ ಹಿಂದೇನೇ ಬರ್ತಿದೆ. ಬ್ಲೆಂಡರ್‌ನಲ್ಲಿ ಎರಡು ತೊಂದರೆ. ಉದ್ದ ಮಾಡಿದ ಪೆಟ್ಟಿಗೆಗೆ ಬೆವೆಲ್ ಹಾಕಿದರೆ (ಚೂಪು ಅಂಚನ್ನು ಸವರಿದರೆ) ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಮತ್ತೆ ರೆಂಡರ್ (ದೃಶ್ಯದಿಂದ ಅಂತಿಮ ಚಿತ್ರ ತೆಗೆಯೋದು) ರಾತ್ರಿಯಿಡೀ ಓಡಿ ನಡುವೆ ನಿಂತರೆ ಎಂಪಿ4 ತೆರೆಯೋದೇ ಇಲ್ಲ.

ಚೌಕಟ್ಟು24:
ಬೆವೆಲ್: ಆಬ್ಜೆಕ್ಟ್ ಮೋಡ್‌ನಲ್ಲಿ ಎಳೆದು ಉದ್ದ ಮಾಡಿದ್ದೀರಿ. ಎನ್ ಒತ್ತಿ ನೋಡಿ, ಸ್ಕೇಲ್ 1, 1, 1 ಇರಲ್ಲ. ಬೆವೆಲ್ ಅಳೆಯೋದು ಹಳೇ ಅಳತೆಯಲ್ಲಿ, ಆಮೇಲೆ ಅದೂ ಪೆಟ್ಟಿಗೆ ಜೊತೆ ಹಿಗ್ಗುತ್ತೆ. ಕಂಟ್ರೋಲ್ + ಎ, ಸ್ಕೇಲ್. ಅಷ್ಟೇ.

ರೆಂಡರ್: ನೇರ ಎಂಪಿ4ಗೆ ಯಾವತ್ತೂ ಹಾಕಬೇಡಿ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 10 ಸೆಕೆಂಡ್ ಅಂದರೆ 240 ಫ್ರೇಮ್, ಫ್ರೇಮಿಗೆ ಎರಡು ನಿಮಿಷ ಹಿಡಿದರೆ 8 ಗಂಟೆ. 239ನೇ ಫ್ರೇಮಿನಲ್ಲಿ ಕರೆಂಟ್ ಹೋದರೂ ಎಂಪಿ4 ಮುಗಿಯದೆ ಉಳಿಯುತ್ತೆ, ಎಲ್ಲ ವ್ಯರ್ಥ. ಔಟ್‌ಪುಟ್ ಪಿಎನ್‌ಜಿ ಮಾಡಿ, 'ಓವರ್‌ರೈಟ್' ಗುರುತು ತೆಗೆಯಿರಿ. ನಿಂತರೆ ಮತ್ತೆ ಶುರು ಮಾಡಿ, ಆಗಿರೋ ಫ್ರೇಮ್ ಬಿಟ್ಟು ಮುಂದಕ್ಕೆ ಹೋಗುತ್ತೆ. ಒಂದು ಎಚ್ಚರ: 'ಪ್ಲೇಸ್‌ಹೋಲ್ಡರ್ಸ್' ಆನ್ ಇದ್ದರೆ ನಿಂತ ಫ್ರೇಮಿನದ್ದು ಖಾಲಿ ಫೈಲ್ ಬಿದ್ದಿರುತ್ತೆ. ಅದನ್ನೂ ಆಗಿದೆ ಅಂದುಕೊಂಡು ದಾಟಿಬಿಡುತ್ತೆ, ಅಳಿಸಿ ಶುರು ಮಾಡಿ. ಕೊನೆಗೆ ಪಿಎನ್‌ಜಿಗಳನ್ನು ಬ್ಲೆಂಡರ್‌ನದ್ದೇ ವಿಡಿಯೊ ಸೀಕ್ವೆನ್ಸರ್‌ಗೆ ಎಳೆದು ಎಚ್.264 ವಿಡಿಯೊಗೆ ಹಾಕಿದರೆ ಬೇಗ ಮುಗಿಯುತ್ತೆ.

ಬ್ಲೆಂಡರ್‌ನ ಸೈಕಲ್ಸ್ ರೆಂಡರರ್ ಬಳಸುತ್ತಿದ್ದರೆ ಸ್ಯಾಂಪಲ್ (ಪ್ರತಿ ಪಿಕ್ಸೆಲ್‌ಗೆ ಬೆಳಕನ್ನು ಎಷ್ಟು ಸಲ ಲೆಕ್ಕ ಹಾಕಬೇಕು ಅನ್ನೋದು) 4096 ಅಂತ ಇರುತ್ತೆ, ನಿಮ್ಮ ಯಂತ್ರಕ್ಕೆ ಅದು ಹಿಂಸೆ. 128 ಇಟ್ಟು, ಚುಕ್ಕೆಚುಕ್ಕೆ ಕಾಣೋದನ್ನು ಅಳಿಸೋ ಡಿನಾಯ್ಸ್ ಆನ್ ಮಾಡಿ ಒಂದು ಫ್ರೇಮ್ ನೋಡಿ. ನಿಮ್ಮದು ಚಿತ್ರದ ಕೈ ಅಂದಿರಲ್ಲ, ಮೂರು ಆಯಾಮದ ಹಿಂದೆ ಬೀಳೋ ಮೊದಲು ಅಲ್ಲೇ ಇರೋ ಗ್ರೀಸ್ ಪೆನ್ಸಿಲ್ ಹಿಡಿಯಿರಿ. ಎರಡು ಆಯಾಮದ ಗೆರೆಯ ಆನಿಮೇಷನ್, 8 ಜಿಬಿಯಲ್ಲಿ ಹಗುರವಾಗಿ ಓಡುತ್ತೆ.

ಕರಡುಪ್ರತಿ:
ಅಚ್ಚುಮೊಳೆ ತಕರಾರು ಒಪ್ಪಿದೆ. ನೀಲಿಶಾಯಿ, ಪೋರ್ಟ್‌ಫೋಲಿಯೊ ಮಾಡುವಾಗ ಹತ್ತು ಕೆಲಸ ಸಾಕು, ದುರ್ಬಲವಾದದ್ದು ಒಂದಿದ್ದರೂ ಕಣ್ಣು ಅಲ್ಲೇ ಹೋಗಿ ನಿಲ್ಲುತ್ತೆ. ಎರಡಕ್ಕಾದರೂ ಕರಡು ರೇಖೆ, ಬೂದು ಹಂತ, ಮುಗಿದದ್ದು ಮೂರನ್ನೂ ಪಕ್ಕಪಕ್ಕ ಇಡಿ. ಆನಿಮೇಷನ್ ರೀಲ್ ಒಂದು ನಿಮಿಷದೊಳಗಿರಲಿ, ಒಳ್ಳೇ ಶಾಟ್ ಮೊದಲಿಗೇ ಹಾಕಿ. ಯಾರಾದರೂ ಪಿಎಸ್‌ಡಿ (ಫೋಟೊಶಾಪ್ ಫೈಲ್) ಕೇಳಿದರೆ ಕ್ರಿಟಾದಿಂದ ಕೊಡಬಹುದು, ಆದರೆ ಕಳಿಸೋ ಮೊದಲು ಅದನ್ನೇ ಗಿಂಪ್ ಅನ್ನೋ ಉಚಿತ ಚಿತ್ರ ತಿದ್ದೋ ಸಾಫ್ಟ್‌ವೇರ್‌ನಲ್ಲಿ ತೆರೆದು ಲೇಯರ್, ಮಾಸ್ಕ್, ಬ್ಲೆಂಡಿಂಗ್ ಮೋಡ್ ಉಳಿದಿವೆಯಾ ಅಂತ ನೋಡಿ, ಜೊತೆಗೆ ಒಂದು ಚಪ್ಪಟೆ ಪಿಎನ್‌ಜಿಯನ್ನೂ ಇಡಿ.